ಗುಡ್ಡ ದಾಟದ ಅಲೆ

2024ರ ಆಗಸ್ಟ್ 10ರ ಶನಿವಾರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಜಲಾಶಯ ತುಂಬಿ ನಿಂತಿದ್ದ ಕಾಲವದು. ಕಟ್ಟೆಯ ಮೇಲಿನ ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ಅಪಾರ ನೀರನ್ನು ಹೊಳೆಗೆ ಬಿಡಬೇಕಾಯಿತು. ಒಂದು ವಾರದೊಳಗೆ ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿದ ತಂತ್ರಜ್ಞರ ಮತ್ತು ಕಾರ್ಮಿಕರ ಸಾಹಸವನ್ನು ನಾಡು ಸರಿಯಾಗಿಯೇ ಕೊಂಡಾಡಿತು. ಆದರೆ ಆ ರಾತ್ರಿಯ ಇನ್ನೊಂದು ಪ್ರಶ್ನೆ ಚರ್ಚೆಗೆ ಬರಲೇ ಇಲ್ಲ. ಹಂಪಿಯಿಂದ ಕಂಪ್ಲಿಯವರೆಗೆ, ಎದುರು ದಂಡೆಯ ಆನೆಗೊಂದಿ ಗಂಗಾವತಿಯವರೆಗೆ, ಹೊಳೆಯಂಚಿನ ಗದ್ದೆಯಲ್ಲಿ ಪಂಪ್‌ಸೆಟ್ ಕಾಯುತ್ತ ಮಲಗಿದ್ದ ರೈತನಿಗೆ, ಹರಿಗೋಲು ಕಟ್ಟಿಟ್ಟು ಬಂದ ಅಂಬಿಗನಿಗೆ, ನೀರು ಬರುತ್ತಿದೆ ಎಂಬ ಮಾತು ಯಾರಿಂದ, ಎಷ್ಟು ಹೊತ್ತಿಗೆ ಮುಟ್ಟಬೇಕು?

ಡಂಗುರದ ಕಾಲ ಮುಗಿದಿದೆ. ಈಗ ಮುಟ್ಟಿಸಬೇಕಾದದ್ದು ಜೇಬಿನಲ್ಲಿರುವ ಫೋನು. 2023ರ ಅಕ್ಟೋಬರ್ 12ರಂದು ಕರ್ನಾಟಕದ ಫೋನುಗಳು ಒಮ್ಮೆಲೇ ಕಿರುಚಿಕೊಂಡು, ತೆರೆಯ ಮೇಲೆ ತುರ್ತು ಸಂದೇಶವೊಂದು ಮೂಡಿದ್ದು ಅನೇಕ ಓದುಗರ ನೆನಪಿನಲ್ಲಿರಬಹುದು. ಅದು ಕೇಂದ್ರ ದೂರಸಂಪರ್ಕ ಇಲಾಖೆಯ ಪ್ರಾಯೋಗಿಕ ಎಚ್ಚರಿಕೆ. ಈ ವಿಧಾನದಲ್ಲಿ ಯಾರ ನಂಬರನ್ನೂ ಕೇಳುವ ಅಗತ್ಯವಿಲ್ಲ. ಒಂದು ಗೋಪುರದ ವ್ಯಾಪ್ತಿಯಲ್ಲಿ ಇರುವ ಎಲ್ಲ ಫೋನುಗಳಿಗೂ ಏಕಕಾಲಕ್ಕೆ ಸಂದೇಶ ಬೀಳುತ್ತದೆ. ಕರೆಗಳ ದಟ್ಟಣೆಯಿಂದ ಜಾಲ ಉಸಿರುಗಟ್ಟಿದ್ದಾಗಲೂ ಬೀಳುತ್ತದೆ. ಪ್ರವಾಹದ ಸೀಮೆಗೆ ಇದಕ್ಕಿಂತ ಉಪಯುಕ್ತ ಸಾಧನ ಬೇರೊಂದು ಇರಲಾರದು. ಅದರ ಮಿತಿಯೂ ಅಷ್ಟೇ ಸ್ಪಷ್ಟ: ಗೋಪುರದ ಅಲೆ ತಲುಪದ ಕಡೆ ಎಚ್ಚರಿಕೆಯೂ ತಲುಪದು.

ಅಲೆ ಏಕೆ ತಲುಪದು ಎಂಬುದನ್ನು ಗುಡ್ಡದವರಿಗೆ ಹೇಳಿಕೊಡಬೇಕಾಗಿಲ್ಲ. ಸಂಡೂರು ಸುತ್ತಲೂ ಬೆಟ್ಟಸಾಲುಗಳಿಂದ ಆವೃತವಾದ ಕಣಿವೆ. ನಾರಿಹಳ್ಳವು ಸಾಲನ್ನು ಸೀಳಿಕೊಂಡ ಓಬಳಗಂಡಿ, ಭೀಮಗಂಡಿಗಳೇ ಆ ಕಣಿವೆಯ ಹಳೆಯ ಬಾಗಿಲುಗಳು. ರೇಡಿಯೋ ಅಲೆಯೂ ಬಹುಪಾಲು ನೇರದಾರಿಯ ಪ್ರಯಾಣಿಕ. ಕಡಿಮೆ ಕಂಪನಾಂಕದ, ಅಂದರೆ 700 ಅಥವಾ 900 ಮೆಗಾಹರ್ಟ್ಜ್‌ನ ಅಲೆಗಳು ಗುಡ್ಡದ ಅಂಚಿನಲ್ಲಿ ಒಂದಿಷ್ಟು ಬಾಗಿ ಇಳಿಯುತ್ತವೆ, ದೂರಕ್ಕೂ ಹೋಗುತ್ತವೆ. ಹೆಚ್ಚು ಮಾಹಿತಿಯನ್ನು ಹೊರುವ 2300 ಅಥವಾ 3500 ಮೆಗಾಹರ್ಟ್ಜ್‌ನ ಅಲೆಗಳು ಬಂಡೆಗೆ ತಲೆ ಚಚ್ಚಿಕೊಂಡು ಅಲ್ಲಿಯೇ ನಿಲ್ಲುತ್ತವೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಐದನೆಯ ತಲೆಮಾರಿನ ಸೇವೆಗೆ ಮುಖ್ಯ ಆಸರೆ ಈ ಎರಡನೆಯ ಬಗೆಯದು. ಆದುದರಿಂದ ಪಟ್ಟಣದಲ್ಲಿ ಜಾಲ ವೇಗವಾದಷ್ಟೂ ಗುಡ್ಡದ ನೆರಳು ಕಿರಿದಾಗುತ್ತದೆಂದು ತಿಳಿಯುವುದು ತಪ್ಪು. ಪಟ್ಟಣ ಮುಂದೆ ಹೋದಂತೆ ಗುಡ್ಡದ ಹಿಂಬದಿ ಇನ್ನಷ್ಟು ಹಿಂದೆ ಉಳಿಯುತ್ತದೆ.

1986ರಲ್ಲಿ, ಇದೇ ನಾಡಿನ ಕಿತ್ತೂರಿನಲ್ಲಿ ಸಿ-ಡಾಟ್ ಸಂಸ್ಥೆ ರೂಪಿಸಿದ ಮೊದಲ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ ಕೆಲಸ ಆರಂಭಿಸಿದಾಗ ಇದ್ದ ಆಶಯ ಬೇರೆಯಾಗಿತ್ತು. ಕೇವಲ 128 ಬಾಯಿಗಳ ಸಣ್ಣ ಯಂತ್ರ. ಹವಾನಿಯಂತ್ರಣ ಬೇಡ, ಧೂಳು ಸೆಕೆಗಳನ್ನು ತಾಳಿಕೊಳ್ಳಬೇಕು, ಹಳ್ಳಿಯಲ್ಲಿಯೇ ದುರಸ್ತಿಯಾಗಬೇಕು ಎಂಬುದು ಅದರ ಹಿಂದಿನ ಯೋಚನೆ. ಯಂತ್ರವು ಹಳ್ಳಿಗೆ ಹೊಂದಿಕೊಳ್ಳಬೇಕೇ ಹೊರತು ಹಳ್ಳಿ ಯಂತ್ರಕ್ಕಲ್ಲ ಎಂಬ ಆ ಹಟದ ಫಲವಾಗಿಯೇ ಊರೂರಿನ ಹಳದಿ ಫಲಕದ ದೂರವಾಣಿ ಅಂಗಡಿಗಳು ಹುಟ್ಟಿದವು. ಆಗ ಫೋನು ಒಂದು ಅನುಕೂಲವಾಗಿತ್ತು. ಇಲ್ಲದಿದ್ದರೂ ಬದುಕು ನಡೆಯುತ್ತಿತ್ತು.

ಈಗ ಹಾಗಿಲ್ಲ. 2000ದ ಸುಮಾರಿಗೆ 'ಭೂಮಿ' ಯೋಜನೆ ಬಂದು ಪಹಣಿ ಗಣಕಯಂತ್ರಕ್ಕೆ ಏರಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಪಹಣಿ ಸಿಗುವಂತಾದದ್ದು ಲಂಚಕ್ಕೆ ಬಿದ್ದ ದೊಡ್ಡ ಪೆಟ್ಟೇ ಸರಿ. ಅಲ್ಲಿಂದ ಮುಂದೆ ಒಂದೊಂದಾಗಿ ಎಲ್ಲವೂ ಜಾಲದೊಳಗೆ ಹೋದವು. ಪಡಿತರಕ್ಕೆ ಬೆರಳಚ್ಚು ಹೊಂದಬೇಕು, ಬ್ಯಾಂಕಿನ ಕೆಲಸಕ್ಕೆ ಫೋನಿಗೆ ಬರುವ ಗುಪ್ತಸಂಖ್ಯೆ ಬೇಕು. 2020ರಲ್ಲಿ ಬೆಳೆ ಸಮೀಕ್ಷೆಯನ್ನು ರೈತನೇ ಹೊಲದಲ್ಲಿ ನಿಂತು ಫೋಟೋ ತೆಗೆದು ಏರಿಸಬೇಕೆಂದಾಯಿತು. 2023ರ ಜನವರಿ 1ರಿಂದ ಉದ್ಯೋಗ ಖಾತರಿಯ ಕೂಲಿಕಾರರ ಹಾಜರಿಯನ್ನು ಕೆಲಸದ ಸ್ಥಳದಿಂದಲೇ ದಿನಕ್ಕೆ ಎರಡು ಬಾರಿ ಫೋಟೋ ಸಮೇತ ದಾಖಲಿಸುವುದು ಕಡ್ಡಾಯವಾಯಿತು. ಹಳ್ಳದ ತಗ್ಗಿನಲ್ಲಿ ಇಂಗುಗುಂಡಿ ತೋಡುವವರ ಕೂಲಿ, ಗುಡ್ಡದ ನೆತ್ತಿಯಲ್ಲಿ ಸಂಕೇತ ಸಿಗುತ್ತದೆಯೋ ಇಲ್ಲವೋ ಎಂಬುದರ ಮೇಲೆ ನಿಂತಿತು. ಸರ್ಕಾರ ಜನರ ಬಳಿಗೆ ಬರುವುದಕ್ಕಾಗಿ ತಂದ ಸಾಧನಗಳು, ಜಾಲವಿಲ್ಲದ ಊರಿನಲ್ಲಿ ಜನರನ್ನು ಸರ್ಕಾರದಿಂದ ದೂರ ಸರಿಸುವ ಬಾಗಿಲುಗಳಾದವು. ಕೊರೊನಾ ಕಾಲದಲ್ಲಿ ಮಕ್ಕಳು ಪಾಠಕ್ಕಾಗಿ ದಿಣ್ಣೆಯನ್ನೂ ಮರವನ್ನೂ ಹತ್ತಿದ ಚಿತ್ರಗಳನ್ನು ಮಲೆನಾಡಿನವರು ಮರೆತಿಲ್ಲ. ಅಲ್ಲಿನ ಕೆಲವು ಹಳ್ಳಿಗಳು ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂದು ಫಲಕ ಹಿಡಿದು ನಿಂತದ್ದು ಆ ದಿನಗಳ ಸಂಕಟದಿಂದಲೇ.

ಇಲ್ಲೊಂದು ವಿಚಿತ್ರವೂ ಇದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗೊಂದರಂತೆ ಸ್ವಯಂಚಾಲಿತ ಮಳೆಮಾಪಕಗಳನ್ನು ನಿಲ್ಲಿಸಿದೆ. ಬಿಸಿಲಿನ ವಿದ್ಯುತ್ತಿನಿಂದ ನಡೆಯುವ ಆ ಪುಟ್ಟ ಕಂಬ 15 ನಿಮಿಷಕ್ಕೊಮ್ಮೆ ಮೊಬೈಲ್ ಜಾಲದ ಮೂಲಕ ಬೆಂಗಳೂರಿಗೆ ಲೆಕ್ಕ ಒಪ್ಪಿಸುತ್ತದೆ. ಹಳ್ಳಿಯ ಮಳೆ ರಾಜಧಾನಿಗೆ ಗೊತ್ತಾಗುತ್ತದೆ. ರಾಜಧಾನಿಯ ಎಚ್ಚರಿಕೆ ಹಳ್ಳಿಯ ಕೊನೆಯ ಮನೆಗೆ ಗೊತ್ತಾಗಬೇಕಾದ ದಾರಿ ಮಾತ್ರ ಇನ್ನೂ ಅಷ್ಟು ನಂಬಿಕೆಯದಾಗಿಲ್ಲ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳನ್ನು ಒಂದೇ ಸೀಮೆಯೆಂದು ಕಾಣಲು ಚರಿತ್ರೆಯ ಪುಸ್ತಕ ತೆರೆಯಬೇಕಾಗಿಲ್ಲ. ಹೊಳೆ ಒಂದೇ, ಸಂತೆ ಒಂದೇ. ತುರ್ತಾ, ಬಸವಣ್ಣ, ರಾಯ ಕಾಲುವೆಗಳು ವಿಜಯನಗರದ ಅರಸರ ಕಾಲದಿಂದ ಇಂದಿನವರೆಗೂ ಹೊಸಪೇಟೆ ಸೀಮೆಯ ಬಾಳೆ, ಕಬ್ಬು, ಭತ್ತಕ್ಕೆ ನೀರುಣಿಸುತ್ತಿವೆ. ಹಳೆಯ ದೂರವಾಣಿ ಇಲಾಖೆಗೂ ಈ ನಂಟು ತಿಳಿದಿತ್ತು: ಹೊಸಪೇಟೆ, ಹಂಪಿ, ಕಂಪ್ಲಿ ಮೂರಕ್ಕೂ 08394 ಎಂಬ ಒಂದೇ ಸಂಕೇತಸಂಖ್ಯೆ, ಬೆಟ್ಟದಾಚೆಯ ಸಂಡೂರಿಗೆ ಅದರ ಮರುಸಂಖ್ಯೆ 08395. 2021ರಲ್ಲಿ ವಿಜಯನಗರ ಜಿಲ್ಲೆ ರೂಪುಗೊಂಡಾಗ ಹೊಸಪೇಟೆ ಹಂಪಿಗಳು ಹೊಸ ಜಿಲ್ಲೆಗೆ ಬಂದವು. ಹಿಂದೆ ಹೊಸಪೇಟೆ ತಾಲ್ಲೂಕಿನ ಭಾಗವೇ ಆಗಿದ್ದ ಕಂಪ್ಲಿ, ಪ್ರತ್ಯೇಕ ತಾಲ್ಲೂಕಾಗಿ ಸಂಡೂರಿನೊಡನೆ ಬಳ್ಳಾರಿಯಲ್ಲಿ ಉಳಿಯಿತು. ಹೊಳೆಯಾಚೆಯ ಆನೆಗೊಂದಿ ಮೊದಲಿನಿಂದಲೂ ಬೇರೆ, ಈಗ ಕೊಪ್ಪಳ ಜಿಲ್ಲೆ. ಹೀಗೆ ಒಂದೇ ಹೊಳೆಯ ಒಂದೇ ತಿರುವಿನಲ್ಲಿ ಮೂರು ಜಿಲ್ಲಾಧಿಕಾರಿಗಳ ಸರಹದ್ದು. ಆಡಳಿತದ ಅನುಕೂಲಕ್ಕೆ ಜಿಲ್ಲೆ ಬೇರೆಯಾಗುವುದರಲ್ಲಿ ತಪ್ಪಿಲ್ಲ. ಆದರೆ ಗೋಪುರ ಎಲ್ಲಿ ನಿಲ್ಲಬೇಕು, ಎಳೆ ಎಲ್ಲಿ ಹಾಯಬೇಕು ಎಂಬುದನ್ನೂ ಅದೇ ಗೆರೆಯೊಳಗೆ ಯೋಚಿಸಹೊರಟರೆ ಗುಡ್ಡದ ಆಚೆಬದಿ ಯಾರ ಲೆಕ್ಕಕ್ಕೂ ಬರುವುದಿಲ್ಲ.

ದ್ಯುತಿತಂತುವಿನ ಎಳೆಯ ಉದಾಹರಣೆಯನ್ನೇ ನೋಡಬಹುದು. 2011ರಲ್ಲಿ ಕೇಂದ್ರದ ಒಪ್ಪಿಗೆ ಪಡೆದು, ಅನಂತರ 'ಭಾರತ್ ನೆಟ್' ಎಂದು ಹೆಸರಾದ ಯೋಜನೆಯ ಮೊದಲ ಗುರಿ ಎಳೆಯನ್ನು ಗ್ರಾಮ ಪಂಚಾಯಿತಿ ಕಚೇರಿಗೆ ಮುಟ್ಟಿಸುವುದಾಗಿತ್ತು. ತಾಂಡಾಗಳೂ ಮಜರೆಗಳೂ ಅದರ ಆಚೆಗೆ ಉಳಿದವು. ಜೊತೆಗೆ ಮರದ ಕೊಂಬೆಯಂತೆ ಹರಡಿದ ಜಾಲ, ರಸ್ತೆ ಅಗೆಯುವವನ ಒಂದು ಗುದ್ದಲಿ ಏಟಿಗೆ ಕೊಂಬೆಯ ತುದಿಯವರೆಗೂ ಸಾಯುತ್ತದೆ. 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಗಳಿಗೆ ಒಪ್ಪಿಗೆ ಪಡೆದ ಪರಿಷ್ಕೃತ ಯೋಜನೆ ಇದನ್ನು ತಿದ್ದಲು ಹೊರಟಿದೆ. ಜಾಲವು ಬಳೆಯಂತೆ ಸುತ್ತುವರಿದಿರಬೇಕು. ಒಂದು ಕಡೆ ತುಂಡಾದರೆ ಮಾಹಿತಿ ಇನ್ನೊಂದು ಕಡೆಯಿಂದ ಹರಿಯಬೇಕು. ಎರಡೂ ತುದಿಯಿಂದ ನೀರು ಹರಿಸಬಹುದಾದ ಕಾಲುವೆಯಂತೆ ಎಂದರೆ ಕಂಪ್ಲಿಯ ರೈತನಿಗೆ ಅರ್ಥವಾದೀತು. ಹೊಸಪೇಟೆಯಿಂದ ಕಂಪ್ಲಿ, ಕುರುಗೋಡು, ತೋರಣಗಲ್ಲು, ಸಂಡೂರುಗಳನ್ನು ಹಾಯ್ದು ಮರಳಿ ಹೊಸಪೇಟೆಗೆ ಸೇರುವ ಬಳೆ ಭೂಗೋಳವೇ ಬರೆದಿಟ್ಟಂತಿದೆ. ಅದು ಎರಡು ಜಿಲ್ಲೆಗಳನ್ನು ಹಾಯುತ್ತದೆ ಎಂಬುದೊಂದೇ ಅದರ 'ದೋಷ'. ಇದೇ ಯೋಜನೆಯ ಇನ್ನೊಂದು ಸಾಲು ಗುಡ್ಡದವರು ಗಮನಿಸಬೇಕಾದದ್ದು: ಪಂಚಾಯಿತಿ ಕೇಂದ್ರವಲ್ಲದ ಹಳ್ಳಿಗಳಿಗೆ ಎಳೆ ಬರುವುದು ಬೇಡಿಕೆ ಸಲ್ಲಿಸಿದರೆ. ಕೇಳದ ಊರಿಗೆ ಬರುವುದಿಲ್ಲ.

ಕೇಳುವುದು ಭಿಕ್ಷೆಯಲ್ಲ. ಗಾಳಿಯ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರ ಫೆಬ್ರುವರಿಯಲ್ಲಿಯೇ ತೀರ್ಪಿತ್ತಿದೆ. 2012ರ ಫೆಬ್ರುವರಿ 2ರಂದು 122 ದೂರಸಂಪರ್ಕ ಪರವಾನಗಿಗಳನ್ನು ರದ್ದುಮಾಡುವಾಗ, ತರಂಗಾಂತರವೂ ನೆಲ ಜಲಗಳಂತೆ ನೈಸರ್ಗಿಕ ಸಂಪತ್ತು, ಸರ್ಕಾರ ಅದರ ಒಡೆಯನಲ್ಲ, ಧರ್ಮದರ್ಶಿ ಎಂಬ ನೆಲೆಯನ್ನು ಅದೇ ನ್ಯಾಯಾಲಯ ಹಿಡಿಯಿತು. ಈ ಮಾತು ಸಂಡೂರಿಗೆ ತಿಳಿದಷ್ಟು ಬೇರೆ ಯಾವ ಊರಿಗೂ ತಿಳಿಯಲಾರದು. ಆರು ತಿಂಗಳ ಹಿಂದಷ್ಟೇ, 2011ರ ಜುಲೈನಲ್ಲಿ, ಲೋಕಾಯುಕ್ತ ವರದಿ ಹೊರಬಂದು, ಬಳ್ಳಾರಿಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತ್ತು. ನೆಲದ ಕೆಳಗಿನ ಅದಿರು, ನೆಲದ ಮೇಲಿನ ಅಲೆ ಎರಡೂ ಒಂದೇ ಕಾಲದಲ್ಲಿ, ಒಂದೇ ಬಗೆಯ ಕೈಗಳಲ್ಲಿ ಸೂರೆಯಾದವು. ಎರಡಕ್ಕೂ ಕೊನೆಗೆ ಒಂದೇ ನ್ಯಾಯಾಲಯ ಅಡ್ಡ ಬಂತು. ಅದಿರಿನ ಲಾರಿ ಎಲ್ಲಿಂದ ಹೊರಟಿತು, ಎಷ್ಟು ಟನ್ ಹೊತ್ತಿತು ಎಂಬುದನ್ನು ಗಣಕಯಂತ್ರದಲ್ಲಿ ದಾಖಲಿಸುವ ವ್ಯವಸ್ಥೆ ಅನಂತರ ಬಂತು. ಲಾರಿಯನ್ನು ಲೆಕ್ಕವಿಡಲು ಸಾಧ್ಯವಾದ ಗುಡ್ಡದಲ್ಲಿ ಮಗುವಿಗೆ ಪಾಠ ಮುಟ್ಟಿಸುವುದು ಅಸಾಧ್ಯವೆಂದು ನಂಬುವುದು ಕಷ್ಟ.

ಅಲೆಯ ಲಾಭದಲ್ಲಿ ಹಳ್ಳಿಯ ಪಾಲೂ ಕಾನೂನಿನಲ್ಲಿಯೇ ಇದೆ. 2002ರಿಂದ ದೂರಸಂಪರ್ಕ ಕಂಪನಿಗಳು ತಮ್ಮ ಹೊಂದಾಣಿಕೆಯ ಆದಾಯದ ನೂರಕ್ಕೆ 5ರಷ್ಟನ್ನು ಸಾರ್ವತ್ರಿಕ ಸೇವಾ ನಿಧಿಗೆ ಕೊಡುತ್ತ ಬಂದಿವೆ. 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಅದಕ್ಕೀಗ ಡಿಜಿಟಲ್ ಭಾರತ ನಿಧಿ ಎಂಬ ಹೆಸರು. ಜಾಲವಿಲ್ಲದ 24,680 ಹಳ್ಳಿಗಳಿಗೆ 26,316 ಕೋಟಿ ರೂಪಾಯಿಗಳ ವೆಚ್ಚದಲ್ಲಿ ನಾಲ್ಕನೆಯ ತಲೆಮಾರಿನ ಸೇವೆ ಎಂಬ ಯೋಜನೆಗೆ 2022ರ ಜುಲೈನಲ್ಲಿ ಒಪ್ಪಿಗೆ ಸಿಕ್ಕಿತು. 2025ರ ಜನವರಿಯಲ್ಲಿ ಮತ್ತೊಂದು ಒಳ್ಳೆಯ ಹೆಜ್ಜೆ ಬಿತ್ತು. ಸಾರ್ವಜನಿಕ ನಿಧಿಯಿಂದ ನಿಂತ ಗೋಪುರದಲ್ಲಿ ಯಾವ ಕಂಪನಿಯ ಗಿರಾಕಿಯಾದರೂ ಸೇವೆ ಪಡೆಯಬಹುದೆಂಬ ಏರ್ಪಾಡು ಆರಂಭವಾಯಿತು. ಒಂದು ಗುಡ್ಡಕ್ಕೆ ಮೂರು ಕಂಪನಿಯ ಮೂರು ಗೋಪುರ ಬೇಡ, ಒಂದೇ ಸಾಕು ಎಂಬುದು ಪರಿಸರದವರ ಹಳೆಯ ವಾದ. ಅದೀಗ ಸರ್ಕಾರದ ನೀತಿಯಾಗಿದೆ. ಖಾಸಗಿ ಕಂಪನಿಗಳ ಮಾಮೂಲಿ ಗೋಪುರಗಳಿಗೆ ಮಾತ್ರ ಈ ನಿಯಮ ಇನ್ನೂ ವಿಸ್ತರಿಸಿಲ್ಲ.

ಇಲ್ಲಿ ಗುಡ್ಡದವರೊಳಗೇ ಇರುವ ಅಳುಕನ್ನು ಮುಚ್ಚಿಡಬೇಕಾಗಿಲ್ಲ. ರಸ್ತೆ, ಗಣಿ, ವಿದ್ಯುತ್ ಮಾರ್ಗ ಎಂದು ಗುಡ್ಡಕ್ಕೆ ಬಂದದ್ದೆಲ್ಲ ಮರ ಕಡಿದೇ ಬಂದಿದೆ. ಗೋಪುರ ಹಾಗಾಗದೆಂದು ಹೇಗೆ ನಂಬುವುದು? ಹಂಪಿಯ ಪಾಠ ಕಣ್ಣೆದುರಿಗೇ ಇದೆ. ಆನೆಗೊಂದಿಯ ಸೇತುವೆ ಬೇಡಿಕೆ ನ್ಯಾಯವಾದದ್ದೇ ಆಗಿತ್ತು. ಆದರೆ ಎರಡು ದಂಡೆಗಳನ್ನೂ ಸ್ಮಾರಕಗಳನ್ನೂ ಒಟ್ಟಿಗೆ ಯೋಚಿಸದೆ ಆರಂಭಿಸಿದ ಕಾಮಗಾರಿಯಿಂದ 1999ರಲ್ಲಿ ಹಂಪಿ ಅಪಾಯದಲ್ಲಿರುವ ವಿಶ್ವಪರಂಪರೆಯ ಪಟ್ಟಿಗೆ ಸೇರಿತು, 2006ರಲ್ಲಿ ಹೊರಬಂತು. 2009ರ ಜನವರಿಯಲ್ಲಿ ಆ ಸೇತುವೆಯೇ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಹಂಪಿಯಲ್ಲಿ ಬಂಡೆಗಳ ಸಾಲೂ ಸ್ಮಾರಕವೇ. ಅದರ ನೆತ್ತಿಯಲ್ಲಿ ಉಕ್ಕಿನ ಗೋಪುರ ಎದ್ದರೆ ಅದೇ ತಪ್ಪು ಮರುಕಳಿಸಿದಂತೆ. ದಾರಿ ಇಲ್ಲದಿಲ್ಲ. ಕೇರಳವು 2023ರ ಜೂನ್ 5ರಂದು ಉದ್ಘಾಟಿಸಿದ ತನ್ನದೇ ಎಳೆಜಾಲವನ್ನು ಬಹುಪಾಲು ವಿದ್ಯುತ್ ಮಂಡಳಿಯ ಕಂಬಗಳ ಮೇಲೆಯೇ ಹಾಯಿಸಿತು. ಹೊಸ ಅಗೆತ ಕಡಿಮೆ, ಹೊಸ ಮರ ಕಡಿತ ಕಡಿಮೆ. ಬಡ ಕುಟುಂಬಗಳಿಗೆ ಉಚಿತ ಸಂಪರ್ಕವೂ ಅದರ ಗುರಿ. ಗ್ರಾಮೀಣ ಗೋಪುರಗಳ ಪೈಕಿ ಅರ್ಧದಷ್ಟಾದರೂ ಡೀಸೆಲ್ ಬಿಟ್ಟು ಮರುಬಳಕೆಯ ಶಕ್ತಿಯನ್ನು ಸೇರಿಸಿಕೊಳ್ಳಬೇಕೆಂದು ದೂರಸಂಪರ್ಕ ಇಲಾಖೆ 2012ರಲ್ಲಿಯೇ ನಿರ್ದೇಶಿಸಿತ್ತು. ವಿಕಿರಣದ ಮಿತಿಯನ್ನೂ ಅದೇ ವರ್ಷ ಅಂತರರಾಷ್ಟ್ರೀಯ ಮಟ್ಟದ ಹತ್ತನೆಯ ಒಂದು ಭಾಗಕ್ಕೆ ಇಳಿಸಲಾಯಿತು. ಈ ನಿಯಮಗಳನ್ನು ಪಾಲಿಸುವಂತೆ ಮಾಡುವುದು, ಗೋಪುರವೇ ಬೇಡ ಎನ್ನುವುದಕ್ಕಿಂತ ಕಠಿಣವಾದ, ಹೆಚ್ಚು ಉಪಯೋಗದ ಕೆಲಸ.

ಹಣವಿಲ್ಲ ಎಂಬ ಮಾತು ಈ ಸೀಮೆಯಲ್ಲಿ ನಡೆಯದು. ಅದಿರಿನ ಮಾರಾಟದಿಂದ ತೆಗೆದಿರಿಸಿದ ಹಣದಲ್ಲಿ ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದು ಸುಮಾರು 25,000 ಕೋಟಿ ರೂಪಾಯಿಗಳ ಯೋಜನೆಗೆ ಸುಪ್ರೀಂ ಕೋರ್ಟ್ 2022ರಲ್ಲಿ ಹಸಿರು ನಿಶಾನೆ ತೋರಿತು. ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಬೇರೆಯೇ ಇದೆ. ಅದರ 2024ರ ಮಾರ್ಗಸೂಚಿ ಗಣಿಯಿಂದ 15 ಕಿಲೋಮೀಟರ್ ಒಳಗಿನ ಪ್ರದೇಶ ಪಕ್ಕದ ಜಿಲ್ಲೆಯಲ್ಲಿದ್ದರೂ ಬಾಧಿತವೆಂದೇ ಎಣಿಸುತ್ತದೆ. ಧೂಳಿಗೆ ಜಿಲ್ಲೆಯ ಗಡಿಯಿಲ್ಲವೆಂದು ಕಾನೂನೇ ಒಪ್ಪಿದ ಮೇಲೆ, ಅಲೆಗೂ ಗಡಿಯಿಲ್ಲವೆಂದು ಒಪ್ಪಿಸುವುದು ಅಷ್ಟೇನೂ ಕಷ್ಟವಾಗಬಾರದು. ಈ ಹಣ ಮೊದಲು ಕುಡಿಯುವ ನೀರಿಗೆ, ಆಸ್ಪತ್ರೆಗೆ, ಕಾಡಿಗೆ ಸಲ್ಲಬೇಕೆಂಬುದು ನಿಜ. ಆದರೆ ಆಸ್ಪತ್ರೆಯ ವಾಹನವನ್ನು ಕರೆಯಲು ಕೂಡ ಫೋನು ಬೇಕು.

ಗಡಿ ಮೀರಿ ಕೂಡಿ ಕೆಲಸ ಮಾಡುವುದು ಈ ನೆಲಕ್ಕೆ ಹೊಸದೇನಲ್ಲ. 1953ರಿಂದ ತುಂಗಭದ್ರಾ ಮಂಡಳಿ ಒಂದಕ್ಕಿಂತ ಹೆಚ್ಚು ರಾಜ್ಯಗಳ ಪರವಾಗಿ ಒಂದು ಅಣೆಕಟ್ಟೆಯನ್ನು ನೋಡಿಕೊಳ್ಳುತ್ತಿದೆ. 2002ರ ಕಾಯ್ದೆಯಂತೆ ರಚನೆಯಾದ ಹಂಪಿ ಪ್ರಾಧಿಕಾರದ ವ್ಯಾಪ್ತಿಯಲ್ಲಿ ಹೊಳೆಯ ಎರಡೂ ದಂಡೆಯ 29 ಹಳ್ಳಿಗಳಿವೆ. ಇವೆರಡಕ್ಕಿಂತ ಹೃದ್ಯವಾದ ಮೂರನೆಯ ಉದಾಹರಣೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ್ದು. ಆರೇಳು ರಾಜ್ಯಗಳಲ್ಲಿ ಹರಿದು ಹಂಚಿಹೋಗಿರುವ ಗೋಂಡಿ ಭಾಷಿಕರು 2014ರಿಂದ ಸರಣಿ ಕಮ್ಮಟಗಳಲ್ಲಿ ಕೂಡಿ ಸುಮಾರು 3,000 ಪದಗಳ ಸಮಾನ ನಿಘಂಟನ್ನು ಸಿದ್ಧಪಡಿಸಿ 2018ರಲ್ಲಿ ಮುಗಿಸಿದರು. ಕನ್ನಡ ವಿಶ್ವವಿದ್ಯಾಲಯ ಅದಕ್ಕೆ ಹೆಗಲು ಕೊಟ್ಟಿತು. ಅದರ ಜೊತೆ ನಿಂತ ಛತ್ತೀಸಗಢದ 'ಸಿಜಿನೆಟ್ ಸ್ವರ' 2010ರಿಂದ ನಡೆಸಿದ ಪ್ರಯೋಗ ಇನ್ನೂ ಸರಳ: ಓದು ಬರಹ ಬಾರದವರು ಸಾದಾ ಫೋನಿನಿಂದ ಕರೆಮಾಡಿ ತಮ್ಮ ನುಡಿಯಲ್ಲಿಯೇ ಊರಿನ ಸುದ್ದಿ ಹೇಳುವುದು, ಇತರರು ಕರೆಮಾಡಿ ಕೇಳುವುದು. ಸಂಡೂರಿನ ತಾಂಡಾಗಳ ಲಂಬಾಣಿ ಮುದುಕಿಗೆ ಇಂಗ್ಲಿಷಿನ ಸಂದೇಶ ಕಳಿಸಿ ಎಚ್ಚರಿಕೆ ಕೊಟ್ಟೆವೆಂದು ಕೈ ತೊಳೆದುಕೊಳ್ಳುವವರು ಇದನ್ನು ನೋಡಿ ಕಲಿಯಬೇಕು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ದೇಶಗಳ ಪ್ರತಿನಿಧಿಗಳು ಕೂಡಿದ್ದಾಗ ಇದೇ ಸಂಡೂರಿನ ಲಂಬಾಣಿ ಮಹಿಳೆಯರ 1,755 ಕಸೂತಿ ವಸ್ತುಗಳ ಪ್ರದರ್ಶನ ವಿಶ್ವದಾಖಲೆ ಬರೆಯಿತು. ಎರಡು ತಿಂಗಳ ಅನಂತರ ದೆಹಲಿಯ ಘೋಷಣೆ ಡಿಜಿಟಲ್ ಸಾರ್ವಜನಿಕ ಸೌಕರ್ಯವನ್ನು ಹಾಡಿಹೊಗಳಿತು. ಆ ಕಸೂತಿಯನ್ನು ಹೊಲಿದ ಕೈಗಳು ತಮ್ಮ ತಾಂಡಾದಿಂದಲೇ ಗಿರಾಕಿಯೊಡನೆ ಬೆಲೆ ಮಾತಾಡುವಂತಾದರೆ ಮಾತ್ರ ಆ ಹೊಗಳಿಕೆಗೆ ಅರ್ಥ.

ಸರ್ಕಾರವೂ ಕಂಪನಿಯೂ ಬರುವವರೆಗೆ ಕಾಯದವರೂ ಇದ್ದಾರೆ. ತುಮಕೂರಿನ ದೇವರಾಯನದುರ್ಗದ ಬೆಟ್ಟದ ತಪ್ಪಲಿನ ದುರ್ಗದಹಳ್ಳಿಯಲ್ಲಿ 'ಜನಸ್ತು' ಎಂಬ ಸಂಸ್ಥೆ ಊರವರೊಡನೆ ಸೇರಿ ಮನೆಯಿಂದ ಮನೆಗೆ ಜೋಡಿಸುವ ಸಮುದಾಯದ ವೈ-ಫೈ ಜಾಲವನ್ನು ಕಟ್ಟಿದೆ. ಹೊರಗಿನ ಅಂತರ್ಜಾಲ ಕಡಿದಾಗಲೂ ಊರೊಳಗಿನ ಮಾತು, ಕತೆ, ಧ್ವನಿಮುದ್ರಣಗಳು ಆ ಜಾಲದಲ್ಲಿ ಓಡಾಡಬಲ್ಲವು. ಸಂಡೂರಿನ ಕಣಿವೆಗೂ ಹಂಪಿಯ ಬಂಡೆಸಂದಿಗೂ, ದೊಡ್ಡ ಗೋಪುರ ಸಲ್ಲದ ಜಾಗಕ್ಕೆ, ಇಂಥ ತಗ್ಗು ಕಂಬಗಳ ಜಾಲ ಹೊಂದೀತು.

ಮೂರು ಜಿಲ್ಲೆಗಳ ಆಡಳಿತಗಳು ಒಂದು ಮೇಜಿನ ಸುತ್ತ ಕೂರಬೇಕಾದರೆ ಮೇಜಿನ ಮೇಲೆ ಒಂದು ನಕ್ಷೆ ಇರಬೇಕು. ಆ ನಕ್ಷೆ ಇಂದು ಯಾವ ಕಚೇರಿಯಲ್ಲಿಯೂ ಜನರ ಕಣ್ಣಿನಿಂದ ಬರೆದದ್ದಿಲ್ಲ. ಕಂಪನಿಗಳ ನಕ್ಷೆಯಲ್ಲಿ ಗೋಪುರದ ಸುತ್ತ ಬಳಿದ ಬಣ್ಣ ಗುಡ್ಡವನ್ನು ಸುಲಭವಾಗಿ ದಾಟುತ್ತದೆ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಕಾಲೇಜು ವಿದ್ಯಾರ್ಥಿಗಳು ಮುಂಗಾರಿಗೆ ಮುಂಚೆ ಇದನ್ನು ಬರೆದುಕೊಡಬಲ್ಲರು. ಬೇಕಾದದ್ದು ಒಂದು ನೋಟುಬುಕ್ಕು ಮತ್ತು ಕಾಲ್ನಡಿಗೆ: ಊರಿನ ಅಥವಾ ತಾಂಡಾದ ಹೆಸರು, ಪಂಚಾಯಿತಿ, ಯಾವ ಕಂಪನಿಯ ಸಂಕೇತ ಮನೆಯೊಳಗೆ ಸಿಗುತ್ತದೆ, ಯಾವುದು ದಿಣ್ಣೆಯ ಮೇಲೆ ಮಾತ್ರ, ಕರೆಂಟು ಹೋದ ಮೇಲೆ ಗೋಪುರ ಎಷ್ಟು ಹೊತ್ತು ಜೀವ ಹಿಡಿದಿರುತ್ತದೆ, ನ್ಯಾಯಬೆಲೆ ಅಂಗಡಿಯ ಯಂತ್ರ ತಿಂಗಳಲ್ಲಿ ಎಷ್ಟು ದಿನ ನಿಂತಿತ್ತು, ಹೊಳೆಯಂಚಿನ ಊರಾದರೆ ಆಗಸ್ಟ್ 10ರ ಆ ರಾತ್ರಿ ಸುದ್ದಿ ಎಷ್ಟು ಗಂಟೆಗೆ, ಯಾರಿಂದ ತಿಳಿಯಿತು. ಅದರ ಒಂದು ಪ್ರತಿ ಗ್ರಾಮಸಭೆಯ ಠರಾವಿನೊಡನೆ ಎಳೆಯ ಬೇಡಿಕೆಯಾಗಿ ಹೋಗಲಿ, ಒಂದು ಪ್ರತಿ ಮೂರೂ ಜಿಲ್ಲೆಗಳ ವಿಪತ್ತು ನಿರ್ವಹಣಾ ಪ್ರಾಧಿಕಾರಗಳಿಗೆ, ಮತ್ತೊಂದು ಅಣೆಕಟ್ಟೆಯ ಮೇಲಿನ ಮಂಡಳಿಯ ಕಚೇರಿಗೆ.